ಪ್ಯಾಂಗಾಂಗ್ ಮೇಲಿನ ಬೆಳಕು: ಒಂದು ಸೇನಾ ತನಿಖೆಯ ಚರಿತ್ರೆ

2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಪೂರ್ವ ಲಡಾಖ್‌ನ ಥಾಕುಂಗ್ ಬಳಿ ಕಾವಲಿದ್ದ ಯೋಧರು ಪ್ಯಾಂಗಾಂಗ್ ಸರೋವರದ ಮೇಲೆ ಗುರುತು ಸಿಗದ ಬೆಳಕನ್ನು 329 ಸಲ ಕಂಡದ್ದಾಗಿ ದಾಖಲಿಸಿದರು. ಅದರಲ್ಲಿ 155 ಸಲ ಅದು ವಾಸ್ತವ ನಿಯಂತ್ರಣ ರೇಖೆ ದಾಟಿ ಒಳಬಂತೆಂದು ಬರೆದುಕೊಂಡರು. ಪತ್ರಿಕೆಗಳು ಹಾರುವ ತಟ್ಟೆಯ ಸುದ್ದಿ ಮಾಡಿದರೂ ಸೇನೆಯ ಶಂಕೆ ಇದ್ದದ್ದು ಚೀನಾದ ಡ್ರೋನ್‌ಗಳ ಮೇಲೆ. ಆ ಶಂಕೆಯನ್ನು ಹಗುರವಾಗಿ ಕಾಣುವಂತಿಲ್ಲ. 2013ರ ಏಪ್ರಿಲ್‌ನಲ್ಲಿ ದೆಪ್ಸಾಂಗ್‌ನಲ್ಲಿ ಚೀನೀ ಪಡೆ ಡೇರೆ ಹೊಡೆದು ಕೂತದ್ದು ಇದೇ ಗಡಿಯಲ್ಲಿ.

2012ರ ಪತ್ರಿಕಾ ವರದಿಗಳ ಪ್ರಕಾರ, ಸರೋವರದ ಬಳಿಯ ಬೆಟ್ಟದ ಮೇಲೆ ಸಂಚಾರಿ ರಾಡಾರನ್ನೂ ರೇಡಿಯೊ ಸಂಕೇತ ಹಿಡಿಯುವ ಯಂತ್ರವನ್ನೂ ನಿಲ್ಲಿಸಲಾಯಿತು. ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದದ್ದು ರಾಡಾರಿಗೆ ಸಿಗಲಿಲ್ಲ, ಸಂಕೇತವೂ ಇಲ್ಲ. ಬೆನ್ನಟ್ಟಿ ಹೋದ ಡ್ರೋನ್ ತನ್ನ ಎತ್ತರದ ಮಿತಿ ಮುಟ್ಟಿ ಬರಿಗೈಲಿ ಮರಳಿತು. ಇವು ಆಕಾಶಕಾಯಗಳಲ್ಲ ಎಂಬ ಮಾತೂ ಆ ವರದಿಗಳಲ್ಲಿತ್ತು.

ಗಂಟು ಬಿಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಈ ಸಂಸ್ಥೆಯದೇ. ಅದು ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿದೆ. ಸಂಸ್ಥೆಯ ಖಗೋಳಜ್ಞರಿಗೆ ಮುಖ್ಯವಾಗಿದ್ದದ್ದು ಮೂರು ಸಂಗತಿ: ಬೆಳಕು ಯಾವ ಹೊತ್ತಿಗೆ, ಯಾವ ದಿಕ್ಕಿಗೆ, ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲೆ ಇರುತ್ತದೆ? ಲೆಕ್ಕ ಕೂಡಿತು. ಸಂಜೆ ಆರರ ಸುಮಾರಿಗೆ ಕಂಡು ಬೆಳಗಿನ ಜಾವದವರೆಗೆ ಇರುತ್ತಿದ್ದದ್ದು ಗುರುಗ್ರಹ. ನಸುಕಿನ ನಾಲ್ಕಕ್ಕೆ ಮೂಡಿ ಹನ್ನೊಂದರವರೆಗೂ ಕಾಣುತ್ತಿದ್ದದ್ದು ಶುಕ್ರ, ನಮ್ಮ ಹಳ್ಳಿಗರು ಹೊತ್ತು ನೋಡಿಕೊಳ್ಳುತ್ತಿದ್ದ ಅದೇ ಬೆಳ್ಳಿ.

2012ರ ಡಿಸೆಂಬರ್ 3ರಂದು ಗುರು ಸೂರ್ಯನಿಗೆ ನೇರ ಎದುರಿಗಿತ್ತು. ಸೂರ್ಯ ಮುಳುಗುವಾಗ ಮೂಡಿ ಇಡೀ ರಾತ್ರಿ ಬೆಳಗುವ ಕಾಲ ಅದು. ಆಗಲೂ ಭೂಮಿಯಿಂದ ಸುಮಾರು 60 ಕೋಟಿ ಕಿ.ಮೀ. ದೂರ, ರಾಡಾರು ಸೋತದ್ದರಲ್ಲಿ ಆಶ್ಚರ್ಯವೇನು? ಆ ಎತ್ತರದ ತೆಳು ಗಾಳಿಯಲ್ಲಿ, ದೂಳಿಲ್ಲದ ಆಕಾಶದಲ್ಲಿ ಗ್ರಹಗಳ ಹೊಳಪೂ ಹೆಚ್ಚು. ಇನ್ನು ‘ಅತಿಕ್ರಮಣ’ದ ವಿಚಾರ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತದೆ. ಪೂರ್ವದಲ್ಲಿರುವುದು ಚೀನಾ. ಅತ್ತಲ ಬೆಟ್ಟದ ಮೇಲೆ ಮೂಡಿದ ಗ್ರಹ ಇತ್ತ ಬರಲೇಬೇಕು!

ಹಾಗೆಂದು ‘ಶುಕ್ರ’ ಎಂಬ ಉತ್ತರ ಯಾವಾಗಲೂ ಸರಿಯಲ್ಲ. 1948ರ ಜನವರಿ 7ರಂದು ಅಮೆರಿಕದ ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಅಪರಿಚಿತ ವಸ್ತುವೊಂದನ್ನು ಬೆನ್ನಟ್ಟಿ ವಿಮಾನ ಸಮೇತ ಬಿದ್ದು ಸತ್ತಾಗ ವಾಯುಪಡೆ ಮೊದಲು ಶುಕ್ರನ ಹೆಸರನ್ನೇ ಹೇಳಿತ್ತು. ನೌಕಾಪಡೆಯ ಗುಪ್ತ ಸ್ಕೈಹುಕ್ ಬಲೂನು ಇದ್ದಿರಬೇಕೆಂದು ಆಮೇಲೆ ತಿಳಿಯಿತು. ಇಂಥ ವರದಿಗಳನ್ನು ತನಿಖೆ ಮಾಡುತ್ತಿದ್ದ ಅದೇ ವಾಯುಪಡೆಯ ಪ್ರಾಜೆಕ್ಟ್ ಬ್ಲೂ ಬುಕ್ 1969ರಲ್ಲಿ ಮುಚ್ಚಿದಾಗ 12,618 ಪ್ರಕರಣಗಳಲ್ಲಿ 701 ಬಿಡಿಸಲಾಗದೆ ಉಳಿದಿದ್ದವು. ಲಡಾಖ್‌ನ ತೀರ್ಮಾನ ಹೆಚ್ಚು ಗಟ್ಟಿ ಎನ್ನಲು ಕಾರಣ, ಅದು ಹೊತ್ತು, ದಿಕ್ಕು, ಎತ್ತರಗಳ ಲೆಕ್ಕದ ಮೇಲೆ ನಿಂತದ್ದು.

ಯೋಧರ ಆ ದಾಖಲೆಯನ್ನು ಸೇನೆ ಈಗ ಸಂಶೋಧಕರಿಗೆ ತೆರೆದಿಡಬೇಕು. ದಿನಾಂಕ, ವೇಳೆ, ದಿಕ್ಕು ಇದ್ದರೆ 329 ನಮೂದುಗಳನ್ನೂ ಒಂದೊಂದಾಗಿ ಗ್ರಹಸ್ಥಿತಿಯೊಂದಿಗೆ ತಾಳೆ ನೋಡಬಹುದು.