ಧ್ವನಿಮುದ್ರಣವೂ ಹಾಡಿದವರ ಹೆಸರೂ

ಶಬ್ದವು ಹುಟ್ಟಿ ನಾಶವಾಗತಕ್ಕದ್ದೆಂದು ನೈಯಾಯಿಕರೂ, ಅದು ನಿತ್ಯವೆಂದು ಮೀಮಾಂಸಕರೂ ಬಹುಕಾಲ ವಾದಿಸಿರುವರು. ಶಾಸ್ತ್ರನಿರ್ಣಯವು ಹೇಗೇ ಇರಲಿ, ಗಾಯಕರ ಜೀವನವು ಮಾತ್ರ ನೈಯಾಯಿಕರ ಪಕ್ಷವನ್ನೇ ಅವಲಂಬಿಸಿತ್ತು. ಹಾಡು ಮುಗಿದೊಡನೆ ಇಲ್ಲವಾಗುತ್ತಿದ್ದುದರಿಂದ, ಅದನ್ನು ಪುನಃ ಕೇಳಬಯಸಿದವನು ಹಾಡುವವರನ್ನೇ ಪುನಃ ಕರೆಯಿಸಿ ಸಂಭಾವನೆ ಕೊಡಬೇಕಾಗಿತ್ತು. ಯಂತ್ರವು ಧ್ವನಿಯನ್ನು ಕಂಠದಿಂದ ಬೇರ್ಪಡಿಸಿದ ಮೇಲೆ ಈ ಸಂಬಂಧವು ಹೇಗೆ ಮಾರ್ಪಟ್ಟಿತು, ನಮ್ಮ ಕಾರವಾರ-ಅಂಕೋಲೆಗಳ ಹಾಡುಗಾರರಿಗೆ ಅದರಿಂದ ಏನಾಯಿತು ಎಂಬುದನ್ನು ಸಂಕ್ಷೇಪವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ಇಸವಿ 1902ರಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಎಂಬವನು ಕಲಕತ್ತೆಗೆ ಬಂದು ಗೌಹರ್ ಜಾನರ ಗಾಯನವನ್ನು ಮುದ್ರಿಸಿಕೊಂಡನು. ತಟ್ಟೆಯಲ್ಲಿ ಸುಮಾರು ಮೂರು ನಿಮಿಷಗಳ ಗಾಯನಕ್ಕೆ ಮಾತ್ರ ಸ್ಥಳವಿತ್ತು. ಆ ವಿದುಷಿಯು ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಉಚ್ಚರಿಸುತ್ತಿದ್ದಳು. ತಟ್ಟೆಗಳು ದೂರದ ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗುತ್ತಿದ್ದುದರಿಂದ, ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಲು ಇದೇ ಉಪಾಯವಾಗಿತ್ತು. ಆದರೆ 1914ರ ಕಾನೂನು ಮೂಲತಟ್ಟೆಯ ಒಡೆಯನಿಗೆ ಸ್ವಾಮ್ಯವನ್ನು ಕೊಟ್ಟಿತೇ ಹೊರತು ಹಾಡಿದವರಿಗೆ ಕೊಡಲಿಲ್ಲ. ಧಾರವಾಡದಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳಂತೂ ‘ಗಾಂಧಾರಿ’ ಎಂಬ ಬೇರೊಂದು ಹೆಸರಿನಿಂದ ಹೊರಬಂದವು.

ಮುಂದೆ 1950ರಲ್ಲಿ ಧಾರವಾಡದ ಆಕಾಶವಾಣಿಯು ಆರಂಭವಾಯಿತು. 1980ರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾಗಿ, ಯಕ್ಷಗಾನದ ಪ್ರಸಂಗಗಳು ಕರಾವಳಿಯ ಮನೆಮನೆಗಳನ್ನು ಹೊಕ್ಕವು. ಅದರೊಡನೆಯೇ ಕಳ್ಳಪ್ರತಿಗಳೂ ಹುಟ್ಟಿದವು. ಆದರೂ ಕ್ಯಾಸೆಟ್ಟು ಕೈಗೆ ಸಿಗುವ ವಸ್ತುವಾಗಿದ್ದು, ಅದಕ್ಕೆ ಬೆಲೆಯಿತ್ತು.

ಇಂದಿನ ಡಿಜಿಟಲ್ ತಂತ್ರದಲ್ಲಿ ಧ್ವನಿಯು ಅಂಕೆಗಳಾಗಿ ಪರಿಣಮಿಸಿರುವುದರಿಂದ, ಸಾವಿರ ಪ್ರತಿಗಳಿಗೂ ಒಂದು ಪ್ರತಿಗೂ ವೆಚ್ಚದಲ್ಲಿ ಭೇದವಿಲ್ಲ. ಕೇಳುಗರ ಚಂದಾ ಮತ್ತು ಜಾಹೀರಾತಿನ ಹಣವು ಒಂದೆಡೆ ಕೂಡಿ, ಕೇಳಲ್ಪಟ್ಟ ಪ್ರಮಾಣಕ್ಕನುಸಾರವಾಗಿ ಹಂಚಲ್ಪಡುತ್ತದೆ. ಅದೂ ಮೊದಲು ಮುದ್ರಣದ ಒಡೆಯನಿಗೆ. ಸ್ಪಾಟಿಫೈ ಸಂಸ್ಥೆಯು 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳಲ್ಪಡದ ಹಾಡಿನ ಮುದ್ರಣಕ್ಕೆ ಏನನ್ನೂ ಕೊಡುವುದಿಲ್ಲ. ಪಟ್ಟಣದ ಯುವಕನು ತನ್ನ ಗಾಯನವನ್ನು ಕಂಪನಿಯ ಹಂಗಿಲ್ಲದೆ ಲೋಕಕ್ಕೆ ಮುಟ್ಟಿಸಬಲ್ಲನೆಂಬುದು ಲಾಭವೇ ಸರಿ. ಆದರೆ ಒಂದು ಸೀಮೆಯವರಷ್ಟೇ ಕೇಳುವ ಹಾಡಿಗೆ ಈ ಲೆಕ್ಕವು ಅನುಕೂಲವಲ್ಲ.

ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳ ಹಾಲಕ್ಕಿ ಒಕ್ಕಲಿಗರ ಹಾಡುಗಳು ಇಂಥವೇ. ಸುಗ್ಗಿಯ ಕುಣಿತಕ್ಕೂ ಮದುವೆಗೂ ಗದ್ದೆಯ ಕೆಲಸಕ್ಕೂ ಅವರಲ್ಲಿ ಪದಗಳುಂಟು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರವನ್ನು ಕಲಿಯದೆ ಇಂಥ ಸಾವಿರಾರು ಪದಗಳನ್ನು ಕಂಠದಲ್ಲಿ ಧರಿಸಿದ್ದರು. ಸಾರಾಯಿಯ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಲಭಿಸಿತು. 2025ರ ಫೆಬ್ರವರಿ 13ರಂದು ಅವರು ದಿವಂಗತರಾದರು. ಇಂದು ಮೊಬೈಲಿನಿಂದ ಮೊಬೈಲಿಗೆ ಹಾಲಕ್ಕಿಗಳ ಪದಗಳು ಹರಿದಾಡುತ್ತವೆ. ಹಾಡಿದವರ ಹೆಸರು ಎಷ್ಟೋ ವೇಳೆ ಜೊತೆಯಲ್ಲಿರುವುದಿಲ್ಲ.

ಈ ಪದಗಳಿಗೆ ಕರ್ತೃವೇ ಇಲ್ಲ, ಹಾಗಾಗಿ ಯಾರ ಹಕ್ಕೂ ಇಲ್ಲ, ಎಂದು ಕೆಲವರು ಹೇಳುವರು. ಇದು ಸಾಧುವಲ್ಲ. ವೇದವು ಅಪೌರುಷೇಯವೆಂದ ಮೀಮಾಂಸಕರೇ ‘ಕಾಠಕ’ವೆಂಬ ಹೆಸರು ಹೇಗೆ ಬಂದಿತೆಂದು ವಿಚಾರಿಸಿ, ಕಠನು ರಚಿಸಿದ್ದರಿಂದಲ್ಲ, ಪ್ರವಚನ ಮಾಡಿದ್ದರಿಂದ ಬಂದಿತೆಂದು ನಿರ್ಣಯಿಸಿದರು. ರಚಿಸದಿದ್ದರೂ ಉಳಿಸಿ ಹೇಳಿದವನ ಹೆಸರು ನಿಲ್ಲತಕ್ಕದ್ದೆಂದು ಇದರ ತಾತ್ಪರ್ಯವು. ನಮ್ಮ ದೇಶದ ಕಾನೂನೂ ತಡವಾಗಿ ಇದೇ ಮಾರ್ಗಕ್ಕೆ ಬಂದಿದೆ. 1957ರ ಕೃತಿಸ್ವಾಮ್ಯದ ಕಾಯಿದೆಗೆ 1994ರಲ್ಲಿ ಮಾಡಿದ ತಿದ್ದುಪಡಿಯು ಪ್ರದರ್ಶಕರ ಹಕ್ಕನ್ನು ಸೇರಿಸಿತು. ಗಾಯಕ, ನರ್ತಕರೊಡನೆ ಹಾವಾಡಿಗನನ್ನೂ ಅದು ಎಣಿಸಿದೆ. ಈಗ ಈ ಹಕ್ಕಿನ ಅವಧಿಯು 50 ವರ್ಷಗಳು. 2012ರ ತಿದ್ದುಪಡಿಯು ವ್ಯಾಪಾರಕ್ಕೆ ಬಳಸಿದಾಗ ರಾಯಧನವನ್ನೂ, ತನ್ನ ಹೆಸರಿನಿಂದ ಗುರುತಿಸಲ್ಪಡುವ ಅಧಿಕಾರವನ್ನೂ ಪ್ರದರ್ಶಕರಿಗೆ ಕೊಟ್ಟಿತು.

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಅದನ್ನು ಕೇಳುವುದಕ್ಕೆ ಆಧಾರವಿರಬೇಕು. ಸುಗ್ಗಿಯ ದಿನ ಪದಗಳನ್ನು ಮುದ್ರಿಸಿಕೊಳ್ಳುವ ನಮ್ಮ ಶಿಕ್ಷಕರೂ ವಿದ್ಯಾರ್ಥಿಗಳೂ ಹಾಡಿದವರ ಸಮ್ಮತಿಯನ್ನು ಪಡೆದು, ಹೆಸರು, ಊರು, ದಿನಾಂಕಗಳನ್ನು ಮುದ್ರಣದೊಡನೆ ಬರೆದಿಟ್ಟು, ಒಂದು ಪ್ರತಿಯನ್ನು ಅವರ ಮನೆಗೇ ಕೊಡತಕ್ಕದ್ದು. ಹಣವು ಬಂದಲ್ಲಿ ಯಾರಿಗೆ ಸಲ್ಲಬೇಕೆಂಬುದನ್ನೂ ಆಗಲೇ ಬರೆಯತಕ್ಕದ್ದು. ಹಾಡುವ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವುದರಿಂದ ಈ ಕಾರ್ಯದಲ್ಲಿ ವಿಳಂಬವು ಸಲ್ಲದೆಂದು ವಾಚಕರಲ್ಲಿ ವಿಜ್ಞಾಪನೆ.