ಜನಸಂಖ್ಯಾ ಭೂಗೋಳ: ಯಾದಗಿರಿ ಸೀಮೆಯಲ್ಲಿ ಜನಗಣನೆ ಮತ್ತು ಮಾಪನ

ಜನರ ಸಂಖ್ಯೆ, ಹಂಚಿಕೆ, ಸಾಂದ್ರತೆ ಮತ್ತು ವಲಸೆ ಒಂದೊಂದು ನೆಲದಲ್ಲಿ ಒಂದೊಂದು ಬಗೆಯಾಗಿರುವುದೇಕೆ ಎಂಬುದನ್ನು ವಿವರಿಸುವ ಭೂಗೋಳದ ಶಾಖೆಯೇ ಜನಸಂಖ್ಯಾ ಭೂಗೋಳ. ಅಮೆರಿಕದ ಗ್ಲೆನ್ ಟ್ರೆವಾರ್ಥ 1953ರಲ್ಲಿ ಇದನ್ನು ಪ್ರತ್ಯೇಕ ಶಾಖೆಯಾಗಿ ಪ್ರತಿಪಾದಿಸಿದರು. ಅವರ ಶಿಷ್ಯ ಜಿ. ಎಸ್. ಗೋಸಲ್ ಚಂಡೀಗಢದಲ್ಲಿ ಇದನ್ನು ಬೆಳೆಸಿದರು. ಈ ಶಾಸ್ತ್ರದ ಮುಖ್ಯ ಆಕರ ಜನಗಣತಿಯಾದ್ದರಿಂದ, ಜನರನ್ನು ಯಾವ ದಿನ, ಯಾವ ಜಾಗದಲ್ಲಿ, ಯಾವ ಗಡಿಯೊಳಗೆ ಎಣಿಸಲಾಯಿತು ಎಂಬುದರ ಮೇಲೆಯೇ ಅದರ ನಿರ್ಣಯಗಳು ನಿಲ್ಲುತ್ತವೆ.

ಚರಿತ್ರೆ: ಇಂದು ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರ ಸೀಮೆಯು 1858ರ ದಂಗೆಯ ನಂತರ ಬ್ರಿಟಿಷರ ವಶವಾಗಿ, ಕೆಲವೇ ವರ್ಷಗಳಲ್ಲಿ ಹೈದರಾಬಾದಿನ ನಿಜಾಮರಿಗೆ ಸೇರಿತು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿಯೇ ಗಣತಿ ನಡೆದಿದ್ದರೆ, ಹೈದರಾಬಾದ್ ಸಂಸ್ಥಾನದ ಮೊದಲ ಗಣತಿ ನಡೆದದ್ದು 1881ರಲ್ಲಿ. 1931ರವರೆಗೆ ಒಂದೇ ರಾತ್ರಿಯಲ್ಲಿ, ಜನ ಎಲ್ಲಿದ್ದರೋ ಅಲ್ಲಿಯೇ ಎಣಿಸುವ ಪದ್ಧತಿಯಿತ್ತು. ಎಣಿಕೆದಾರರ ಓಡಾಟಕ್ಕೆ ಬೆಳುದಿಂಗಳು ಅನುಕೂಲವಾದ್ದರಿಂದಲೂ, ಜಾತ್ರೆಗಳಿಂದ ಊರಿನ ಲೆಕ್ಕ ಉಬ್ಬಬಾರದೆಂದೂ ಆ ರಾತ್ರಿಯನ್ನು ಎಚ್ಚರದಿಂದ ಆರಿಸಲಾಗುತ್ತಿತ್ತು. ಅನಂತರ ಹಲವು ದಿನಗಳ ಎಣಿಕೆ ರೂಢಿಗೆ ಬಂದಿತು. 2011ರಲ್ಲಿ ಅದು ಫೆಬ್ರವರಿ 9ರಿಂದ 28ರವರೆಗೆ ನಡೆಯಿತು.

ಗಡಿಗಳೂ ಬದಲಾದವು. 1956ರಲ್ಲಿ ಗುಲ್ಬರ್ಗ ಜಿಲ್ಲೆ ಭಾಷಾವಾರು ಪುನರ್ವಿಂಗಡಣೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದವು. ಹೀಗಾಗಿ ಈ ಜಿಲ್ಲೆಯ ದೀರ್ಘಕಾಲದ ಏರಿಳಿತವನ್ನು ಅಳೆಯಬೇಕಾದರೆ ಹಳೆಯ ಅಂಕಿಗಳನ್ನು ಇಂದಿನ ಗಡಿಗೆ ಹೊಂದಿಸಿ ಕೂಡಬೇಕಾಗುತ್ತದೆ.

ಮಾಪನಗಳು: ಒಟ್ಟು ಜನಸಂಖ್ಯೆಯನ್ನು ಒಟ್ಟು ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು ಸರಳ ಸಾಂದ್ರತೆ. 2011ರಲ್ಲಿ 11,74,271 ಜನರಿದ್ದ ಯಾದಗಿರಿ ಜಿಲ್ಲೆಯಲ್ಲಿ ಇದು ಚದರ ಕಿಲೊಮೀಟರಿಗೆ ಸುಮಾರು 223, ರಾಜ್ಯದಲ್ಲಿ 319. ನಾರಾಯಣಪುರ ಅಣೆಕಟ್ಟಿನ ಕಾಲುವೆ ಹರಿಯುವ ಹೊಲಗಳೂ ಮಳೆಯಾಶ್ರಿತ ಬಯಲೂ ಈ ಸರಾಸರಿಯಲ್ಲಿ ಒಂದಾಗಿಬಿಡುವುದರಿಂದ, ಕೃಷಿಯೋಗ್ಯ ಭೂಮಿಗೆ ಎಷ್ಟು ಜನ ಎಂಬ ಶಾರೀರಿಕ ಸಾಂದ್ರತೆಯನ್ನೂ, ಒಂದೊಂದು ಚುಕ್ಕೆ ನಿರ್ದಿಷ್ಟ ಸಂಖ್ಯೆಯ ಜನರನ್ನು ಸೂಚಿಸುವ ಚುಕ್ಕೆ ನಕ್ಷೆಯನ್ನೂ ಬಳಸುತ್ತಾರೆ. ಅದೇ ಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡ 52ರಷ್ಟಿದ್ದು, ರಾಜ್ಯದಲ್ಲೇ ಅತಿ ಕಡಿಮೆಯಾಗಿತ್ತು. ಇಂಥ ಸೂಚಕಗಳನ್ನು ತಾಲ್ಲೂಕುವಾರು ಹೋಲಿಸುವ ವಿಧಾನವನ್ನೇ ಬಳಸಿ ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು.

ಗುಳೆ: ಸುಗ್ಗಿ ಮುಗಿದ ಮೇಲೆ ಕೂಲಿಗಾಗಿ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಹೋಗಿ ಮುಂಗಾರಿಗೆ ಮರಳುವ ಹಂಗಾಮಿ ವಲಸೆ ಈ ಸೀಮೆಯ ಅಳತೆಯಲ್ಲಿ ಅತ್ಯಂತ ತೊಡಕಿನದು. ಎಣಿಕೆಯ ಅವಧಿಯುದ್ದಕ್ಕೂ ಊರಿನಲ್ಲಿಲ್ಲದವರನ್ನು ಅವರು ತಂಗಿದ ಸ್ಥಳದಲ್ಲಿ ಎಣಿಸಬೇಕೆಂಬುದು ನಿಯಮ. ಆದ್ದರಿಂದ ಗುಳೆ ಹೋದ ಕುಟುಂಬ ನಗರದ ಲೆಕ್ಕಕ್ಕೆ ಸೇರುತ್ತದೆ; ಕಟ್ಟಡ ಕಾಮಗಾರಿಯ ತಾತ್ಕಾಲಿಕ ಶೆಡ್ಡುಗಳಲ್ಲಿ ಎಣಿಕೆ ತಪ್ಪಿದರೆ ಎರಡೂ ಕಡೆಯ ಲೆಕ್ಕದಿಂದ ಹೊರಗುಳಿಯುತ್ತದೆ. ಈ ಕೊರತೆಯನ್ನು ತುಂಬಲು ರಾಷ್ಟ್ರೀಯ ಮಾದರಿ ಸಮೀಕ್ಷೆಯು 2007-08ರಲ್ಲಿ, ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ, ಆದರೆ ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಊರು ಬಿಟ್ಟಿದ್ದವರನ್ನು ಪ್ರತ್ಯೇಕವಾಗಿ ಗುರುತಿಸಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಲ್ಪಟ್ಟು 2027ಕ್ಕೆ ನಿಗದಿಯಾಗಿದೆ. ಅಲ್ಲಿಯವರೆಗೆ ಈ ಜಿಲ್ಲೆಯ ಗ್ರಾಮವಾರು ಅಧ್ಯಯನಗಳಿಗೆ 2011ರ ಗಣತಿಯೇ ಆಧಾರವಾಗಿದೆ.