ಅಂಕಿತನಾಮವು ಆಡುಮಾತಾದ ಬಗೆ

ಮನುಷ್ಯನ ಹೆಸರು ಅವನೊಡನೆಯೇ ಮರೆಯಾಗುವುದು ಲೋಕದ ರೂಢಿ. ಆದರೆ ಕೆಲವು ಹೆಸರುಗಳು ತಮ್ಮ ಒಡೆಯನನ್ನು ಬಿಟ್ಟು ಬೀದಿಗಿಳಿದು, ಎಲ್ಲರ ನಾಲಗೆಯ ಮೇಲೂ ಸಾಮಾನ್ಯ ಪದಗಳಾಗಿ ನಿಲ್ಲುವುವು. ಇಂಗ್ಲಿಷಿನಲ್ಲಿ ಯಾವನೇ ಒಬ್ಬನನ್ನು ಸಲಿಗೆಯಿಂದ ಸೂಚಿಸುವ 'ಗೈ' ಎಂಬ ಮಾತು ಅಂತಹದು. ನಮ್ಮ ವಿದ್ಯಾರ್ಥಿಗಳೂ ಆಡುವ ಈ ಹಗುರವಾದ ಮಾತಿನ ಹಿಂದೆ ಮತದ್ವೇಷದ ಭಾರವಾದ ಇತಿಹಾಸವೊಂದಿದೆ.

'ಗೈ' ಎಂಬುದು ನಾರ್ಮನರು ಇಂಗ್ಲೆಂಡಿಗೆ ತಂದ ಅಂಕಿತನಾಮ. ಇಟಲಿಯ 'ಗ್ವೀದೊ' ಅದರ ಇನ್ನೊಂದು ರೂಪ. 1570ರಲ್ಲಿ ಯಾರ್ಕ್ ನಗರದಲ್ಲಿ ಹುಟ್ಟಿದ ಗೈ ಫಾಕ್ಸನು ಕ್ಯಾಥೊಲಿಕ್ ಮತವನ್ನು ಅವಲಂಬಿಸಿ, ಸ್ಪೇನಿನ ಪಕ್ಷದಲ್ಲಿ ನೆದರ್ಲೆಂಡ್ಸಿನಲ್ಲಿ ಯುದ್ಧಮಾಡಿದವನು. ಆಗ ಇಂಗ್ಲೆಂಡಿನಲ್ಲಿ ರಾಜ್ಯದ ಚರ್ಚಿಗೆ ಹೋಗದ ಕ್ಯಾಥೊಲಿಕರು ದಂಡ ತೆರಬೇಕಾಗಿತ್ತು. ಅವರ ಪಾದ್ರಿಗಳಿಗೆ ಮರಣದಂಡನೆಯ ಭಯವಿತ್ತು. 1603ರಲ್ಲಿ ಪಟ್ಟವೇರಿದ ಒಂದನೆಯ ಜೇಮ್ಸನಿಂದಲೂ ಈ ಕಷ್ಟ ನೀಗದಿರಲು, ರಾಬರ್ಟ್ ಕೇಟ್ಸ್‌ಬಿ ಎಂಬವನ ಮುಂದಾಳ್ತನದಲ್ಲಿ ಕೆಲವರು ಪಾರ್ಲಿಮೆಂಟನ್ನೇ ಸಿಡಿಸಲು ಹೂಡಿದರು. ಪ್ರಭುಸಭೆಯ ಕೆಳಗಣ ನೆಲಮನೆಯಲ್ಲಿ 36 ಪೀಪಾಯಿ ಸಿಡಿಮದ್ದು ಸೇರಿತು. ಗುಟ್ಟು ಒಂದು ಅನಾಮಧೇಯ ಪತ್ರದಿಂದ ಬಯಲಾಗಿ, 1605ರ ನವೆಂಬರ್ 4ರ ರಾತ್ರಿ ನಡೆದ ಶೋಧದಲ್ಲಿ ಕಾವಲಿದ್ದ ಫಾಕ್ಸನು ಸಿಕ್ಕಿಬಿದ್ದನು. ಅವನು ಮೊದಲು ಹೇಳಿದ ಹೆಸರು ಜಾನ್ ಜಾನ್ಸನ್! ಯಾವ ಹೆಸರನ್ನು ಅವನು ಮರೆಮಾಡಿದನೋ ಅದೇ ಲೋಕವನ್ನೆಲ್ಲ ಸುತ್ತಿತು. ಚಿತ್ರಹಿಂಸೆಯ ಬಳಿಕ 1606ರ ಜನವರಿ 31ರಂದು ಅವನಿಗೆ ಮರಣದಂಡನೆಯಾಯಿತು.

ನವೆಂಬರ್ 5ನ್ನು ಕೃತಜ್ಞತೆಯ ದಿನವಾಗಿ ಆಚರಿಸಬೇಕೆಂದು ಪಾರ್ಲಿಮೆಂಟು ಶಾಸನ ಮಾಡಿತು. ಅದು 1859ರ ವರೆಗೆ ಜಾರಿಯಲ್ಲಿತ್ತು. ದೀವಟಿಗೆ, ಬೆಂಕಿ, ಬಾಣಬಿರುಸುಗಳ ನಡುವೆ ಮೊದಮೊದಲು ಪೋಪನ ಪ್ರತಿಕೃತಿಯನ್ನೂ ಕ್ರಮೇಣ ಫಾಕ್ಸನದನ್ನೂ ಸುಡುತ್ತಿದ್ದರು. ಹುಡುಗರು ಹಳೆಯ ಬಟ್ಟೆಗೆ ಹುಲ್ಲು ತುಂಬಿ ಬೊಂಬೆ ಮಾಡಿ, ಅದನ್ನು ತೋರಿಸಿ ಕಾಸು ಬೇಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಈ ಬೊಂಬೆಗೇ 'ಗೈ' ಎಂಬ ಹೆಸರಾಯಿತು. ಬಳಿಕ ಬೊಂಬೆಯಂತೆ ವಿಕಾರವಾಗಿ ಉಡುಪು ತೊಟ್ಟವನೂ 'ಗೈ' ಆದನು. ಇತ್ತ ಅಮೆರಿಕೆಯಲ್ಲಿ, 1775ರಲ್ಲಿ ವಾಷಿಂಗ್ಟನ್ನನು ತನ್ನ ಸೈನಿಕರಿಗೆ ಈ ಆಚರಣೆಯನ್ನು ನಿಷೇಧಿಸಿದ್ದನು. ಅಲ್ಲಿ ಹಬ್ಬ ಮರೆಯಾಯಿತು. ಬೊಂಬೆಯ ನೆನಪಿಲ್ಲದೆಡೆ ಪದದ ಮುಳ್ಳೂ ಉದುರಿ, 'ಗೈ' ಎಂದರೆ ಬರಿಯ 'ಮನುಷ್ಯ' ಎಂದಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದರ ಬಹುವಚನವು ಹೆಂಗಸರ ಗುಂಪಿಗೂ ಸಲ್ಲತೊಡಗಿತು.

ಎರಡು ಶತಮಾನಗಳಿಗೂ ಮಿಕ್ಕು ಒಂದು ಮತದವರ ಮನೆಯ ಮುಂದೆ ಅವರ ಅವಮಾನವೇ ಹಬ್ಬವಾಗಿ ಮೆರೆದುದನ್ನು ಈ ಪದದ ಚರಿತ್ರೆ ಹೇಳುತ್ತದೆ. ನಗುವವರಿಗೆ ಅದು ಬೊಂಬೆ. ನೆರೆಯವನಿಗೆ ಅದು ಗಾಯ.

ನಮ್ಮ ನುಡಿಯಲ್ಲೂ ಇದಕ್ಕೆ ಹೋಲಿಕೆಯುಂಟು. ಕೃಷ್ಣದೇವರಾಯನು 'ಅಪ್ಪಾಜಿ' ಎಂದು ಗೌರವಿಸಿದ ಮಹಾಮಂತ್ರಿ ಸಾಳುವ ತಿಮ್ಮರಸು. ಅಂತಹ ಗೌರವದ 'ತಿಮ್ಮ' ಎಂಬ ಹೆಸರೂ ಜನರ ಬಾಯಲ್ಲಿ 'ಮಂಕುತಿಮ್ಮ'ನೆಂದು ದಡ್ಡನಿಗೆ ಪರ್ಯಾಯವಾಯಿತು. 1943ರಲ್ಲಿ ಪ್ರಕಟವಾದ ತಮ್ಮ ಕಗ್ಗಕ್ಕೆ ಡಿ.ವಿ.ಜಿ.ಯವರು ಅದೇ ಹೆಸರನ್ನಿರಿಸಿ, ಗೇಲಿಯ ಮಾತಿಗೆ ವಿವೇಕದ ಘನತೆಯನ್ನು ತಂದಿತ್ತರು. ಬಿದ್ದ ಹೆಸರು ಏಳಲೂ ಬಲ್ಲದೆಂಬುದಕ್ಕೆ ಇದೇ ಸಾಕ್ಷಿ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟು: ಪಾಠ ಬಾರದ ಬಾಲಕನನ್ನು 'ಮಂಕುತಿಮ್ಮ'ನೆಂದು ಕರೆಯುವ ಮುನ್ನ, ಹಿಂದಿನ ಸಾಲಿನಲ್ಲಿ ತಿಮ್ಮಪ್ಪನೊಬ್ಬನು ಕುಳಿತಿರುವನೋ ನೋಡಬೇಕು. ಪರಭಾಷೆಯ ನೆರೆಯಲ್ಲಿ ಬಾಳುವ ನಮ್ಮ ಮಕ್ಕಳಿಗೆ ತಾಯ್ತಂದೆಗಳಿತ್ತ ಹೆಸರೂ ಕನ್ನಡದ ಒಂದು ಆಸ್ತಿ. ಅದನ್ನು ಅವರು ತಲೆಯೆತ್ತಿ ಹೇಳುವಂತಾಗಲಿ.